ಬೆಂಕಿಬಾಬುವಿನ ಬೆನ್ನು

ನಮ್ಮ ಸೋದರಮಾವನಿಗೆ ಹುಚ್ಚು ಎಂದು ನಾನು ಯಾರೆದುರಿಗೂ ಹೇಳುವುದಿಲ್ಲ. ಗೌರವದಿಂದಲ್ಲ, ಹೆದರಿಕೆಯಿಂದ! ಹೇಳಿದ್ದು ಕಿವಿಗೆ ಬಿದ್ದರೆ ಸಿಟ್ಟಾಗುವ ಪೈಕಿ ಅಲ್ಲ ಅವರು. ಕನ್ನಡಕ ಮೇಲೇರಿಸಿಕೊಂಡು, ಬಹಳ ಶಾಂತವಾಗಿ, "ಹತ್ತರಾಗ ಎಷ್ಟು ಹುಚ್ಚವ್ವಾ?" ಎಂದು ಕೇಳುತ್ತಾರೆ. ಒಂಬತ್ತು ಎಂದಿರೋ, ಸಿಕ್ಕಿಬಿದ್ದಿರಿ. ಯಾಕೆ ಒಂಬತ್ತೂವರೆ ಅಲ್ಲ? ಆ ಅರ್ಧ ಎಲ್ಲಿ ಹೋಯಿತು? ಮೂಲೆಯಲ್ಲಿ ಹೋಯಿತೋ, ಬೆನ್ನಿನಲ್ಲಿ ಹೋಯಿತೋ? ನಾವು ಕಾರಣ ಕೊಟ್ಟು ಮುಗಿಸುವಷ್ಟರಲ್ಲಿ ಮಕ್ತಲ್‌ಗೆ ಹೋಗುವ ಬಸ್ಸು ತಪ್ಪಿರುತ್ತದೆ.

ಮಾವನದು ನಾರಾಯಣಪೇಟೆಯಲ್ಲಿ ಕೈಮಗ್ಗದ ಸೀರೆಯ ವ್ಯಾಪಾರ. ನೇಕಾರರು ತಂದ ಸೀರೆಯನ್ನು ಬಿಸಿಲಿಗೆ ಹಿಡಿದು, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಬಣ್ಣ ತೆಳುವಾಗಿದೆ ಎಂದು ಹುಡುಕುವುದು ಅವರ ಕಸುಬು. ನಮ್ಮ ಓಣಿಯ ಎಂಥೆಂಥ ಗಟ್ಟಿ ನೇಕಾರರೂ ಅವರೆದುರು ಸೀರೆ ಬಿಚ್ಚಿಟ್ಟು ಉಗುಳು ನುಂಗಿಕೊಂಡು ನಿಲ್ಲುತ್ತಾರೆ. ಅಂಥ ಕಣ್ಣು ಸೀರೆಯ ಮೇಲಷ್ಟೇ ಇದ್ದಿದ್ದರೆ ನಾವೆಲ್ಲ ಸುಖವಾಗಿರುತ್ತಿದ್ದೆವು. ಅದು ಹಳೆಯ ಕಾಮಿಕ್ಸಿನ ಮೇಲೆ ಬಿತ್ತು! ಮಕ್ಕಳು ಓದಿ, ಮೀಸೆ ಬರೆದು, ಹರಿದು ಬಿಸಾಡುವ ಚಿತ್ರಕಥೆ ಪುಸ್ತಕಗಳು. ಮಾವ ಅವನ್ನು ಊರೂರಿನ ರದ್ದಿ ಅಂಗಡಿಗಳಿಂದ ಆರಿಸಿ ತಂದು, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಕಬ್ಬಿಣದ ಕಪಾಟಿನಲ್ಲಿ ಪೇರಿಸಿದ್ದಾರೆ.

ಈ ಹಳೆಯ ಪುಸ್ತಕಗಳಿಗೆ ಜಗತ್ತಿನಲ್ಲಿ ಹರಾಜು ನಡೆಯುತ್ತದಂತೆ. ಹರಾಜಿಗೆ ಮೊದಲು ಹತ್ತಕ್ಕೆ ಇಷ್ಟು ಎಂದು ಗ್ರೇಡು ಕೊಡುತ್ತಾರಂತೆ. ಮೂಲೆ ಮಡಚಿದ್ದರೆ ಒಂದಷ್ಟು ಹೋಯಿತು. ಪಿನ್ನಿಗೆ ತುಕ್ಕು ಹಿಡಿದಿದ್ದರೆ ಇನ್ನಷ್ಟು. ಮೊದಲ ಪುಟದಲ್ಲಿ ಯಾವುದೋ ಪುಣ್ಯಾತ್ಮ 'ಐದನೇ ಇಯತ್ತೆ' ಎಂದು ಬರೆದುಕೊಂಡಿದ್ದರೆ ಮತ್ತಷ್ಟು. ಇವೆಲ್ಲ ಕ್ಷಮಿಸಬಹುದಾದ ಪಾಪಗಳು. ಕ್ಷಮೆಯೇ ಇಲ್ಲದ ಪಾಪ ಒಂದಿದೆ, ರಿಪೇರಿ! ಹರಿದದ್ದನ್ನು ಅಂಟಿಸಿದರೆ, ಹೊಲಿದರೆ, ಮಾಸಿದ ಕಡೆ ಬಣ್ಣ ತುಂಬಿದರೆ ಆ ಪುಸ್ತಕದ ಕಥೆ ಮುಗಿಯಿತು. "ಹರಿದದ್ದು ಹಣೆಬರಹ, ಹೊಲಿದದ್ದು ಮೋಸ," ಎಂದು ಮಾವ ಪ್ರಾಯದ ನೇಕಾರರಿಗೆಲ್ಲ ಬೋಧಿಸುತ್ತಾರೆ. ಸೀರೆ ತಂದವರು ಏನೂ ತಿಳಿಯದೆ ತಲೆಯಾಡಿಸಿ ಹೋಗುತ್ತಾರೆ.

ಆ ಕಪಾಟಿನ ಮುಂದೆ ಹಾದುಹೋಗುವಾಗ ನಾನು ಈಗಲೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ಎಣ್ಣೆಯ ಕೈ ಹತ್ತಿರ ಹೋಗಬಾರದು. ಒದ್ದೆ ಕೈಯಂತೂ ಬೇಡವೇ ಬೇಡ. ಸೀನು ಬಂದರೆ ಅಂಗಳಕ್ಕೆ ಓಡಬೇಕು. ಊದಿನಕಡ್ಡಿ ಹಚ್ಚಬಾರದು ಎಂದು ದೇವರ ಜಗುಲಿಯನ್ನೇ ಹಿತ್ತಲ ಕೋಣೆಗೆ ಸ್ಥಳಾಂತರ ಮಾಡಿದವರು ಅವರು. ಒಮ್ಮೆ ಮನೆಗೆ ಬಂದ ಬೀಗರೊಬ್ಬರು ಕಪಾಟಿಗೆ ಬೆನ್ನು ಕೊಟ್ಟು ಕೂತು ಜೋರಾಗಿ ನಕ್ಕರು. ಮಾವ ಎದ್ದು ಹೋಗಿ ಅವರ ಕುರ್ಚಿಯನ್ನು, ಅವರು ಕೂತಂತೆಯೇ, ಬಾಗಿಲವರೆಗೆ ಎಳೆದುಕೊಂಡು ಬಂದರು. "ಇಲ್ಲಿ ನಗ್ರಿ, ಗಾಳಿ ಛಲೋ ಐತಿ," ಎಂದರು. ಬೀಗರು ಮತ್ತೆ ನಗಲಿಲ್ಲ.

ಇನ್ನು ಓದುವ ಮಾತೇ ಇಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ, "ಮಾಮಾ, ಇದರಾಗ ಏನ್ ಕತಿ ಐತ್ರಿ?"

"ನನಗೇನ್ ಗೊತ್ತು?"

"ನೀವು ಓದಿಲ್ಲೇನ್ರಿ?"

"ಓದಾಕ ಬಿಚ್ಚಿದ್ರ ಪುಸ್ತಕದ ಬೆನ್ನು ಮುರೀತೈತಲ್ಲ ಹುಚ್ಚಿ!" ಎಂದರು. ಇನ್ನೂರು ಚಿಲ್ಲರೆ ಕಥೆಗಳನ್ನು ಮನೆಯಲ್ಲಿಟ್ಟುಕೊಂಡು ಒಂದನ್ನೂ ಓದದೆ ಬದುಕುವ ಮನುಷ್ಯನಿಗೆ ಹೆದರದೆ ಇರಲು ಸಾಧ್ಯವೇ ಹೇಳಿ?

ಈ ಗ್ರೇಡಿನ ರೋಗ ಕಪಾಟಿನಲ್ಲೇ ಉಳಿದಿದ್ದರೂ ಸಹಿಸಬಹುದಿತ್ತು. ನನ್ನನ್ನು ನೋಡಲು ಮಕ್ತಲ್‌ನಿಂದ ಗಂಡಿನವರು ಬಂದಾಗ ಮಾವ ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ಬಂದಿದ್ದರು. ವರನನ್ನು ಮೇಲಿಂದ ಕೆಳಗೆ ನೋಡಿದರು. "ಮುಂಭಾಗ ಏಳು ಕೊಡಬಹುದು. ಸ್ವಲ್ಪ ತಿರುಗ್ರಿ, ಹಿಂಭಾಗ ನೋಡ್ಬೇಕು," ಎಂದರು. ಪಾಪ, ಆ ಮನುಷ್ಯ ತಿರುಗಿಯೂ ಬಿಟ್ಟ! ಮಾವ ಎದ್ದು ಅವನ ಕಿವಿಯ ಮೇಲಿನ ಕೂದಲಿಗೆ ಗಾಜು ಹಿಡಿದರು.

"ಬಣ್ಣ ತುಂಬ್ಯಾರ," ಎಂದರು ಮಾವ, ದೊಡ್ಡ ನಿಟ್ಟುಸಿರು ಬಿಟ್ಟು. "ಮೂಲ ಮಾಲು ಅಲ್ಲ ಇದು. ಗ್ರೇಡು ಹೋತು."

ಆ ವರನೇ ಈಗ ನನ್ನ ಗಂಡ. ಅಂದಿನಿಂದ ಇಂದಿನವರೆಗೂ ನಾರಾಯಣಪೇಟೆಗೆ ಬರುವಾಗ ಅವರು ತಲೆಗೆ ಟವೆಲ್ಲು ಸುತ್ತಿಕೊಂಡೇ ಬರುತ್ತಾರೆ. ಮೇ ತಿಂಗಳ ಬಿಸಿಲಿಗೆ ಅದು ಯಾರಿಗೂ ವಿಚಿತ್ರ ಅನಿಸುವುದಿಲ್ಲ, ಚಳಿಗಾಲದಲ್ಲಿ ಮಾತ್ರ ಹಲ್ಲುನೋವೇ ಎಂದು ಕೇಳುತ್ತಾರೆ.

ಇಂಥ ಮಾವನ ಕೈಗೆ ಬೆಂಕಿಬಾಬು ಸಿಕ್ಕಿದ್ದು ಉಟ್ಕೂರಿನ ಬಸ್ ನಿಲ್ದಾಣದಲ್ಲಿ. ಬೆಂಕಿಬಾಬು ಎಂದರೆ ಯಾವುದೋ ಕಾಲದಲ್ಲಿ ಬಂದು, ನಾಲ್ಕಾರು ಸಂಚಿಕೆಗೇ ಕಣ್ಣು ಮುಚ್ಚಿದ ಒಂದು ಕನ್ನಡ ಕಾಮಿಕ್ಸಿನ ನಾಯಕ. ಅದರ ಮೊದಲ ಸಂಚಿಕೆ ಎಲ್ಲೂ ಉಳಿದಿಲ್ಲ ಎಂಬುದು ಆಗ ಸಂಗ್ರಹದವರ ನಂಬಿಕೆಯಾಗಿತ್ತು. ಮಾವ ಮಿರ್ಚಿಬಜಿ ಗಾಡಿಯ ಮುಂದೆ ನಿಂತಿದ್ದರು. ಗಾಡಿಯವನು ಕಟ್ಟಿಕೊಡಲು ಕಾಗದಕ್ಕೆ ಕೈ ಹಾಕಿದ. ಕೈಗೆ ಬಂದದ್ದು ಬೆಂಕಿಬಾಬುವಿನ ಅದೇ ಮೊದಲ ಸಂಚಿಕೆ! ಅವನು ಸರಕ್ಕನೆ ಎಳೆದ ರಭಸಕ್ಕೆ ಪಿನ್ನು ಬಿಟ್ಟು ರಟ್ಟು ಒಂದು ಕೈಗೆ ಬಂತು, ಒಳಗಿನ ಪುಟಗಳು ಇನ್ನೊಂದು ಕೈಯಲ್ಲಿ ಉಳಿದವು. ರಟ್ಟಿನ ಮೇಲೆ ಬಿಸಿ ಮಿರ್ಚಿ ಇನ್ನೇನು ಇಳಿಯಬೇಕು.

"ಏ, ನಿಂದ್ರಪ್ಪೋ! ಕೈ ಎತ್ತು!"

ಮಾವನ ಆ ಕೂಗಿಗೆ ನಿಲ್ದಾಣದಲ್ಲಿದ್ದವರೆಲ್ಲ ಕೈ ಎತ್ತಿದರಂತೆ. ಷೇರ್ ಆಟೋದವನು ಸ್ಟೇರಿಂಗನ್ನೂ ಬಿಟ್ಟು ಎರಡೂ ಕೈ ಎತ್ತಿದನಂತೆ. ಎಣ್ಣೆ ತಾಗದ ರಟ್ಟನ್ನೂ ಪುಟಗಳನ್ನೂ ಬಿಡಿಸಿಕೊಳ್ಳಲು ಮಾವ ಗಾಡಿಯಲ್ಲಿದ್ದ ಅಷ್ಟೂ ಮಿರ್ಚಿ ಕೊಂಡರು. ಅದನ್ನು ತಿಂದು ಮುಗಿಸಿದವರು ನಾವು. ಆ ರಾತ್ರಿಯ ನಮ್ಮ ಹೊಟ್ಟೆಗಳಿಗೆ ಎಷ್ಟು ಗ್ರೇಡು ಕೊಡಬೇಕು ಎಂದು ಮಾತ್ರ ಅವರು ಕೇಳಲಿಲ್ಲ.

ಸ್ವಲ್ಪ ದಿನಕ್ಕೆ ಹೈದರಾಬಾದಿನ ಹರಾಜೊಂದರಲ್ಲಿ ಅದೇ ಸಂಚಿಕೆಯ ಇನ್ನೊಂದು ಪ್ರತಿ, ಹಿಂದಿನ ರಟ್ಟೇ ಇಲ್ಲದ್ದು, ಮಾರಾಟವಾದ ಸುದ್ದಿ ಮಾವನ ಫೋನಿಗೆ ಬಂತು. ನಮ್ಮ ಓಣಿಯಲ್ಲಿ ದೊಡ್ಡ ರೊಕ್ಕವನ್ನು ಎಮ್ಮೆಗಳಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಎರಡು ಕರೆಯುವ ಎಮ್ಮೆಯ ಬೆಲೆ! ಆಮೇಲೆ ಮನೆಯಲ್ಲಿ ನಿಜವಾದ ಹೆದರಿಕೆಯ ಕಾಲ ಶುರುವಾಯಿತು. ಕಪಾಟಿಗೆ ಎರಡನೆಯ ಬೀಗ ಬಂತು. ಮಾವನ ಹಾಸಿಗೆ ಕಪಾಟಿನ ಮುಂದಕ್ಕೆ ಬಂತು.

"ನಾರಾಯಣಪ್ಯಾಟ್ಯಾಗ ಯಾವ ಕಳ್ಳ ಕಾಮಿಕ್ಸ್ ಕದೀತಾನ್ರಿ ಮಾಮಾ?" ಎಂದೆ.

"ಓದಿದ ಕಳ್ಳ ಇದ್ರ?" ಎಂದರು. ಅವರ ಮುಖ ನೋಡಿ ನನಗೂ ಹೌದಲ್ಲ ಅನಿಸಿತು. ಅವತ್ತು ಬಸ್ಸಿನಲ್ಲಿ ಪೇಪರು ಓದುತ್ತಿದ್ದ ಪ್ರತಿಯೊಬ್ಬನನ್ನೂ ಅನುಮಾನದಿಂದ ನೋಡುತ್ತ ಮಕ್ತಲ್ ಮುಟ್ಟಿದೆ.

ನಗಬೇಡಿ. ಈ ಪುಸ್ತಕದ ಮೇಲೆ ಮಾವನ ಮಾನವೇ ನಿಂತಿತ್ತು. ಇಷ್ಟು ವರ್ಷ ಓಣಿಯ ಜನ ಅವರನ್ನು ಬೆನ್ನ ಹಿಂದೆ 'ರದ್ದಿ ಸಾಹುಕಾರ' ಎಂದೇ ಕರೆದದ್ದು. ಅವರಿಗೆ ಅದು ಗೊತ್ತಿತ್ತು. "ನಾ ಹೋದ ಮ್ಯಾಲೆ ನೀವೆಲ್ಲಾ ಸೇರಿ ಇದನ್ನ ತೂಕಕ್ಕ ಹಾಕ್ತೀರಿ. ನನ್ನ ಕಣ್ಣ ಮುಂದ ಇದರ ಬೆಲಿ ಈ ಓಣಿಗೆ ಗೊತ್ತಾಗ್ಲಿ, ಸಾಕು," ಎನ್ನುತ್ತಿದ್ದರು. ಅದಕ್ಕೇ ಬೆಂಕಿಬಾಬುವನ್ನು ಹರಾಜಿಗೆ ಕೊಡಲು ಹೆಸರು ಹಚ್ಚಿದರು. ಹೈದರಾಬಾದಿನಿಂದ ಪರೀಕ್ಷಕನೊಬ್ಬ ಬಂದು ನೋಡಿ ಗ್ರೇಡು ಕೊಡುವುದೆಂದು ಮಾತಾಯಿತು.

ಈಗ ಅತ್ತೆಯ ಬಗ್ಗೆ ಹೇಳಬೇಕು. ಅತ್ತೆ, ಅಂದರೆ ಈ ಮಾವನ ಹೆಂಡತಿ, ಗದ್ವಾಲಿನ ನೇಕಾರರ ಮನೆಯ ಮಗಳು. ಗದ್ವಾಲ್ ಸೀರೆ ಉಟ್ಟವರಿಗೆ ಗೊತ್ತು, ಅದರ ಒಡಲು ಹತ್ತಿಯದು, ಅಂಚು ರೇಷ್ಮೆಯದು. ಎರಡು ಜಾತಿಯ ನೂಲನ್ನು ಮಗ್ಗದ ಮೇಲೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ. ಆ ಕೂಡಿನ ಮೇಲೆ ಬೆರಳಾಡಿಸಿದರೆ ಬೆರಳಿಗೆ ಏನೂ ತಿಳಿಯಬಾರದು. ಅತ್ತೆಯ ಕೂಡು ಅಷ್ಟು ನಯ. ಮದುವೆಗೆ ಮೊದಲು ಮಾವ ಗದ್ವಾಲಿಗೆ ಸೀರೆ ಕೊಳ್ಳಲು ಹೋದಾಗ ಒಂದು ಸೀರೆಯಲ್ಲಿ ಕೂಡು ಹುಡುಕಿ ಹುಡುಕಿ ಸೋತು, ಯಾರು ನೇಯ್ದದ್ದು ಎಂದು ಕೇಳಿದರಂತೆ. ಅಲ್ಲಿಂದಲೇ ಸಂಬಂಧ ಕುದುರಿತಂತೆ. ಈಚೆಗೆ ಕೆಲವು ವರ್ಷದಿಂದ ಅತ್ತೆ ಮಗ್ಗಕ್ಕೆ ಇಳಿಯುತ್ತಿರಲಿಲ್ಲ. ಕೇಳಿದರೆ ಕಣ್ಣು ಸಾಲುವುದಿಲ್ಲ ಎನ್ನುತ್ತಿದ್ದರು.

ಅವರ ತವರಿನಲ್ಲಿ ಒಂದು ಪದ್ಧತಿ. ಒಡಲಿನಿಂದ ಅಂಚು ಬಿಟ್ಟ ಸೀರೆಯನ್ನು ಹಾಗೇ ಮಡಚಿ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಕೂಡಿಸಿಯೇ ಇಡಬೇಕು. ಅಗಲಿದ್ದನ್ನು ಅಗಲಿದ ಹಾಗೇ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಎಂದು.

ನಿಮಗೆ ಎದೆ ಧಸಕ್ಕೆಂದಿತೇ? ನನಗೂ ಹಾಗೇ ಆಯಿತು!

ಹೋದ ವರ್ಷ ಶ್ರಾವಣದಲ್ಲಿ ಮಾವ ವ್ಯಾಪಾರದ ಮೇಲೆ ಹೈದರಾಬಾದಿಗೆ ಹೋದರು. ಊರು ಬಿಡುವಾಗ ಮಾತ್ರ ಉಡದಾರದ ಬೀಗದಕೈ ಬಿಚ್ಚಿ ಅತ್ತೆಗೆ ಕೊಡುತ್ತಾರೆ. "ಮನಿಗೆ ಬೆಂಕಿ ಹತ್ತಿದ್ರ ಮೊದ್ಲು ಬೆಂಕಿಬಾಬುನ್ನ ಹೊರಗ ತಗೀ. ಆಮ್ಯಾಲ ನೀ ಬಾ," ಎಂದು ಹೇಳಿ ಬಸ್ಸು ಹತ್ತಿದರು. ಮಾರನೆಯ ದಿನ ಅತ್ತೆಯಿಂದ ನನಗೆ ಫೋನು ಬಂತು.

"ಅವ್ವಿ, ನಿಮ್ಮ ಮಾಮಾನ ಪುಸ್ತಕ ಚಂದ ಮಾಡೀನಿ. ಬಾ, ನೋಡುವಂತಿ."

"ಯಾವ ಪುಸ್ತಕ ಅತ್ತಿ?"

"ಅದ, ಆ ಬೆಂಕಿ ಮಾರಿಯವಂದು. ರಟ್ಟು ಬ್ಯಾರೆ, ಒಡಲು ಬ್ಯಾರೆ ಆಗಿ ಬಿದ್ದಿತ್ತು, ಪಾಪ. ಕೂಡಿಸಿದೆ."

ನಾನು ಒಲೆಯ ಮೇಲೆ ಹಾಲಿಟ್ಟಿದ್ದನ್ನೂ ಮರೆತು ಬಸ್ಸು ಹತ್ತಿದೆ. ಹೋಗಿ ನೋಡುತ್ತೇನೆ, ಬೆಂಕಿಬಾಬುವಿನ ಬೆನ್ನಿಗೆ ರಟ್ಟು ಮತ್ತೆ ಕೂತಿದೆ! ಪಿನ್ನಿನ ಹಳೆಯ ತೂತುಗಳಲ್ಲೇ ಹಾಯಿಸಿ, ಕಾಗದದ ಬಣ್ಣದ್ದೇ ರೇಷ್ಮೆ ಎಳೆಯಿಂದ, ಹೊಸ ತೂತು ಒಂದೂ ಬೀಳದಂತೆ ಕೂಡಿಸಿದ್ದರು. ನಾನು ಬೆರಳಾಡಿಸಿ ನೋಡಿದೆ. ಏನೂ ತಿಳಿಯಲಿಲ್ಲ. ಅಷ್ಟು ಚೆಂದದ ಕೆಲಸ ನೋಡಿ ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

"ಮದ್ಲಾಗಿದ್ರ ಒಂದು ತಾಸಿನ ಕೆಲಸ," ಎಂದರು ಅತ್ತೆ, "ಈಗ ಮುಂಜಾನಿಂದ ಸಂಜೀತನ ಕುಂತೀನಿ ನೋಡು. ಹೊಲ್ಕೋಂತ ಕತೀನೂ ಪೂರಾ ಓದಿದೆ. ಭಾಳ ಛಲೋ ಐತಿ."

ಕೂಡಿಸಿದ್ದಲ್ಲದೆ ಓದಿಯೂ ಬಿಟ್ಟಿದ್ದರು! ನಾನು ಅಲ್ಲೇ ಕುಸಿದು ಕೂತು, ರಿಪೇರಿಯಾದ ಪುಸ್ತಕದ ಗತಿ ಏನು ಎಂಬುದನ್ನು ಆದಷ್ಟು ಮೆತ್ತಗೆ ಹೇಳಿದೆ. ಹೊಲಿದದ್ದು ಮೋಸ ಎಂಬ ಮಾವನ ಮಾತನ್ನೂ ನೆನಪಿಸಿದೆ. ಅತ್ತೆಯ ಮುಖದ ನಗು ಮೆಲ್ಲಗೆ ಆರಿತು. ಮಡಿಲಲ್ಲಿದ್ದ ಅವರ ಕೈ ನಡುಗಲು ಶುರುವಾಯಿತು. ಒಂದು ಕೈಯನ್ನು ಇನ್ನೊಂದರಿಂದ ಒತ್ತಿ ಹಿಡಿದರು. "ಬಿಚ್ಚಿಬಿಡ್ಲೇನು?" ಎಂದು ಕೇಳುವಷ್ಟರಲ್ಲಿ ಬಾಗಿಲ ಚಿಲಕ ಸದ್ದಾಯಿತು. ಮಾವ ಒಂದು ದಿನ ಮೊದಲೇ ಬಂದಿದ್ದರು! ಪುಸ್ತಕವನ್ನು ಚೀಲದಲ್ಲಿ ತುರುಕಿ ಕಪಾಟಿಗೆ ಸೇರಿಸುವ ಹೊತ್ತಿಗೆ ನನ್ನ ಅರ್ಧ ಜೀವ ಹೋಗಿತ್ತು.

ಮಾವ ಕೈಕಾಲು ತೊಳೆದು, ಒರೆಸಿ, ನೇರವಾಗಿ ಕಪಾಟಿಗೆ ಹೋದರು. ಯಾವಾಗಲೂ ಹಾಗೇ, ಮೊದಲು ಬೆಂಕಿಬಾಬು, ಆಮೇಲೆ ನಾವು. ಚೀಲವನ್ನು ಕೈಗೆತ್ತಿಕೊಂಡರು. ಅವರ ಬೆನ್ನು ನಮ್ಮ ಕಡೆಗಿತ್ತು, ಮುಖ ಕಾಣಲಿಲ್ಲ. ಬಹಳ ಹೊತ್ತು ಹಾಗೇ ನಿಂತರು. ಅತ್ತೆ ಒಳಗೆ ಹೋಗಿ ಚಹಾ ತಂದರು. ಕಪ್ಪು ಬಸಿಯ ಮೇಲೆ ಕಟಕಟ ಕುಣಿಯುತ್ತಿತ್ತು. ಮಾವ ತಿರುಗಿ ಆ ಕಪ್ಪನ್ನು ನೋಡಿದರು, ಕೈಯನ್ನು ನೋಡಿದರು. ನಾನು ಮನಸ್ಸಿನಲ್ಲೇ ಬೀರಪ್ಪನಿಗೆ ಹರಕೆ ಹೊತ್ತೆ.

"ಇನ್ಮ್ಯಾಲಿಂದ ಈ ಮನ್ಯಾಗ ಚಾ ನಾನ ತರ್ತೀನಿ," ಎಂದರು ಮಾವ. "ಬ್ಯಾರೆ ಯಾರೂ ಕಪ್ಪು ಮುಟ್ಟಬಾರ್ದು. ಒಂದ ಹನಿ ಚೆಲ್ಲಿದ್ರೂ ಕಪಾಟಿಗೆ ಹಸಿ ಏರ್ತೈತಿ."

ಅಷ್ಟೇ! ಬದುಕಿದೆವು ಎಂದುಕೊಂಡೆ. ಆದರೆ ಹೆದರಿಕೆ ಎಂಬುದು ಒಮ್ಮೆ ಮನೆ ಹೊಕ್ಕರೆ ಸುಲಭವಾಗಿ ಹೋಗುವ ಅತಿಥಿಯೇ? ಅಂದಿನಿಂದ ಮಾವನ ಕಾಯಿದೆಗಳು ಒಂದಕ್ಕಿಂತ ಒಂದು ಭಯಂಕರವಾಗತೊಡಗಿದವು. ಅತ್ತೆ ರೊಟ್ಟಿ ಬಡಿದರೆ ಗೋಡೆ ಅದುರಿ ಪುಸ್ತಕಗಳ ಮೂಲೆ ಸವೆಯುತ್ತವೆ ಎಂದು, ರೊಟ್ಟಿ ಮಾಡಿಕೊಡಲು ಹೊರಗೆ ಒಬ್ಬ ಹೆಂಗಸನ್ನು ಗೊತ್ತು ಮಾಡಿದರು. ಜೋಳದ ರೊಟ್ಟಿಯ ಸದ್ದಿಗೆ ಕಾಗದ ಸವೆಯುತ್ತದಂತೆ, ಕೇಳಿದ್ದೀರಾ? ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ರಂಗೋಲಿ ಪುಡಿ ಹಾರಿ ಬಂದು ಕಪಾಟಿನ ಮೇಲೆ ಕೂರುತ್ತದೆ ಎಂದು ಬಾಗಿಲಿಗೆ ಅಳಿಯದ ಪೇಂಟಿನ ರಂಗೋಲಿ ಬರೆಸಿಬಿಟ್ಟರು. ನಾನು ಬಂದಾಗಲೆಲ್ಲ ಅತ್ತೆ ಮೂಲೆಗೆ ಕರೆದು ಪಿಸುಗುಟ್ಟುತ್ತಿದ್ದರು.

"ಅವರಿಗೆ ಗೊತ್ತಾಗೈತಿ. ಅದಕ್ಕ ನನ್ನ ಕೈಲಿಂದ ಒಂದೊಂದ ಕೆಲಸ ಕಸ್ಕೊಳ್ಳಾಕತ್ಯಾರ. ನನ್ನ ಕೈ ಮ್ಯಾಲೆ ಭರೋಸಾನ ಹೋಗೇತಿ ಅವರಿಗೆ."

"ಗೊತ್ತಾಗಿದ್ರ ಮನಿ ಹಾರಿಸ್ತಿದ್ರು ಅತ್ತಿ," ಎಂದು ಸಮಾಧಾನ ಹೇಳುತ್ತಿದ್ದೆ. ಹೇಳುವಾಗ ನನ್ನ ದನಿಯೇ ನನಗೆ ನಂಬಿಕೆ ಬರುವಂತಿರಲಿಲ್ಲ. ಅತ್ತೆಯ ಕೈ ನಡುಗುತ್ತಲೇ ಇತ್ತು. ಈ ಮನುಷ್ಯ ಹೆಂಡತಿಯನ್ನು ಎಷ್ಟು ಹೆದರಿಸಿಟ್ಟಿದ್ದಾನೆ ಎಂದು ನನಗೆ ಒಳಗೊಳಗೇ ಸಿಟ್ಟೂ ಬರುತ್ತಿತ್ತು. ಗುಟ್ಟಾಗಿ ಎಳೆ ಬಿಚ್ಚಿಬಿಡೋಣ ಎಂದರೆ ಮಾವ ಮತ್ತೆ ಊರು ಬಿಡಲಿಲ್ಲ, ಬೀಗದಕೈ ಉಡದಾರ ಬಿಡಲಿಲ್ಲ.

ಕೊನೆಗೂ ಪರೀಕ್ಷಕ ಬರುವ ದಿನ ಬಂತು. ಮಕ್ತಲ್‌ನಲ್ಲಿ ಬಸ್ಸು ಇಳಿಯುವ ಅವನನ್ನು ಕರೆತರುವ ಕೆಲಸ ನನಗೆ ಬಿತ್ತು. ತೆಳ್ಳಗಿನ, ನಗುವೇ ಇಲ್ಲದ ಮನುಷ್ಯ. ಕೈಯಲ್ಲಿ ಡಾಕ್ಟರರ ಪೆಟ್ಟಿಗೆಯಂಥದ್ದು. ಅವನು ಇಲ್ಲಿಯ ಕೆಲಸ ಮುಗಿಸಿ ಗದ್ವಾಲಿಗೂ ಅದರಾಚೆಯ ಮಲ್ದಕಲ್‌ಗೂ ಹೋಗುವ ದಾರಿ ಕೇಳಿದಾಗ, ಮೊದಲು ಅಲ್ಲಿಗೇ ಕಳಿಸಿ ದಾರಿ ತಪ್ಪಿಸಿಬಿಡಲೇ ಎಂಬ ದುರ್ಬುದ್ಧಿಯೂ ಬಂದಿತ್ತು. ದಾರಿಯುದ್ದಕ್ಕೂ ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ದಿನಾ ಕೆಡುವ ಆ ಬಸ್ಸು ಅವತ್ತೊಂದು ದಿನ ಕೆಡಲಿಲ್ಲ!

ಮನೆಯಲ್ಲಿ ಮೇಜಿನ ಮೇಲೆ ಹೊಸ ಬಿಳಿ ಬಟ್ಟೆ. ಮಾವ ಇಸ್ತ್ರಿಯ ಅಂಗಿ ಹಾಕಿ ನಿಂತಿದ್ದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು. ಪರೀಕ್ಷಕ ಕೈಗವಸು ತೊಟ್ಟು, ಹಣೆಗೆ ದೀಪ ಕಟ್ಟಿಕೊಂಡು, ಬೆಂಕಿಬಾಬುವನ್ನು ಚೀಲದಿಂದ ಹೊರತೆಗೆದ. ಮೂಲೆ ನೋಡಿದ. ಅಂಚು ನೋಡಿದ. ಬೆನ್ನಿನ ಮೇಲೆ ದೀಪ ಹಾಯಿಸಿದ. ಮುಂದೆ ಹೋದ. ನಾನು ಉಸಿರು ಬಿಟ್ಟೆ. ದೀಪ ಮತ್ತೆ ಹಿಂದಕ್ಕೆ ಬಂತು. ಬೆನ್ನಿನ ಮೇಲೆ ನಿಂತಿತು. ಪುಸ್ತಕವನ್ನು ಮೂಗಿನವರೆಗೆ ತಂದು, ವಾರೆಯಾಗಿ ಹಿಡಿದು, ತಲೆ ಎತ್ತಿದ.

"ಎವರು ಕುಟ್ಟಾರು ಸಾರ್ ಇದಿ?"

ಯಾರು ಹೊಲಿದದ್ದು ಎಂದು ತೆಲುಗಿನಲ್ಲಿ ಕೇಳಿದರೂ ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಬಾಗಿಲಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡಿದ್ದು ಕಂಡಿತು. ನನಗೆ ಏನಾಯಿತೋ, "ನಾನ್ರಿ! ನಾನು ಹೊಲದೀನಿ!" ಎಂದುಬಿಟ್ಟೆ.

ಮಾವ ನನ್ನ ಕಡೆ ತಿರುಗಿದರು. "ಏನಂದಿ? ನೀ ಹೊಲದಿ? ನಿನ್ನ ಗಂಡನ ಅಂಗಿಗೆ ಗುಂಡಿ ಹಚ್ಚಿದ್ದು ನೋಡೀನಿ ನಾ. ಅಂಗಿನೂ ಬನೀನೂ ಕೂಡಿಸಿ ಹೊಲದಿದ್ದಿ!"

ಮಾವ ಪರೀಕ್ಷಕನ ಕಡೆ ತಿರುಗಿ, ಏನೋ ದೊಡ್ಡ ಬಹುಮಾನ ಬಂದವರ ಹಾಗೆ, "ಎಷ್ಟೊತ್ತು ಹುಡುಕಿದ್ರಿ? ಮದ್ಲನೇ ಸಲ ಸಿಗಲಿಲ್ಲಲ್ಲ? ದಾಟಿ ಹೋಗಿದ್ರಿ ನೀವು!" ಎಂದರು.

ದಾಟಿ ಹೋಗಿದ್ದೆ ಎಂದು ಅವನು ಒಪ್ಪಿಕೊಂಡ.

"ಸಿಗಂಗಿಲ್ಲ ಅದು. ನಮ್ಮನಿಯಾಕಿ ಕೂಡು ಅದು. ಅಂಥಾ ಕೂಡು ಈಗ ಗದ್ವಾಲದಾಗೂ ಯಾರಿಗೂ ಬರಂಗಿಲ್ಲ."

ಅತ್ತೆ ಕಣ್ಣು ಬಿಟ್ಟರು. "ನಿಮಗ ಗೊತ್ತಿತ್ತೇನ್ರಿ?"

"ಚೀಲ ಕೈಯಾಗ ಹಿಡದಾಗ ಗೊತ್ತಾತು. ಈ ಕೈ ಗುರ್ತು ಹಿಡೀಲಾರದ ನಾ ಇಷ್ಟು ವರ್ಸ ಸೀರಿ ವ್ಯಾಪಾರ ಮಾಡೀನೇನು?"

"ಗೊತ್ತಿದ್ದೂ ಇವರನ್ನ ಯಾಕ ಕರಸಿದ್ರಿ ಮಾಮಾ?" ಎಂದೆ ನಾನು. ಸಿಟ್ಟಿನಿಂದ ನನ್ನ ದನಿ ಏರಿತ್ತು.

ಮಾವ ಕನ್ನಡಕ ತೆಗೆದು ಒರೆಸಿದರು. "ಬರಬ್ಯಾಡ್ರಿ ಅಂದಿದ್ರ, ಯಾಕ ಬ್ಯಾಡಂದ್ರಂತ ಅಕಿ ಅಂಜ್ತಿದ್ಳು. ನಾನೂ ಅಂಜಿದೆ ಅನ್ನು. ಇವರಿಗೆ ಸಿಗಂಗಿಲ್ಲ, ಗ್ರೇಡು ಕೊಟ್ಟು ಹೋಗ್ತಾರ, ಅಕಿ ಅಂಜಿಕಿನೂ ಹೋಗ್ತೈತಿ ಅಂತ ಅನ್ಕೊಂಡಿದ್ದೆ."

ಮೋಸವನ್ನು ಕಂಡರಾಗದ ನಮ್ಮ ಮಾವ, ಹೆಂಡತಿಯ ಅಂಜಿಕೆಗಾಗಿ ಹೈದರಾಬಾದಿನವನಿಗೇ ಟೋಪಿ ಹಾಕಲು ಹೊರಟಿದ್ದರು! ಪರೀಕ್ಷಕ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಂಟು ಹಾಕಿಲ್ಲ, ಹೊಸ ತೂತು ಮಾಡಿಲ್ಲ, ಬರೀ ಎಳೆ. ಕತ್ತರಿಸಿ ತೆಗೆದರೆ ಪುಸ್ತಕ ಮೊದಲಿನ ಸ್ಥಿತಿಗೇ ಬರುತ್ತದೆ. ರಟ್ಟು ಬಿಟ್ಟದ್ದು ಎಂದು ಬರೆದು ಹರಾಜಿಗೆ ಹಾಕೋಣ, ಒಳ್ಳೆಯ ಬೆಲೆಯೇ ಬರುತ್ತದೆ ಎಂದ. ಪೆಟ್ಟಿಗೆಯಿಂದ ಸಣ್ಣ ಕತ್ತರಿ ತೆಗೆದ.

"ಬಿಚ್ಚಿಬಿಡ್ರಿ," ಎಂದರು ಅತ್ತೆ, ಮುಂದೆ ಬಂದು. ಅವರ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡಿತು. "ಅದಕ್ಕೇನ್ರಿ, ಬೇಕಾದ್ರ ನಾ ಮತ್ತ..."

ಮಾವ ತಮ್ಮ ಅಂಗೈಯನ್ನು ಬೆಂಕಿಬಾಬುವಿನ ಮೇಲೆ ಊರಿದರು. ತೊಳೆಯದ, ಬೆವೆತ, ಬರಿಗೈ! ನಾನು ಬೆಚ್ಚಿಬಿದ್ದೆ.

"ಬ್ಯಾಡ," ಎಂದರು. "ಇಕಿಗೆ ಮತ್ತ ಹಾಕಾಕ ಆಗಂಗಿಲ್ಲ. ಇದ ಕಡೀ ಕೂಡು."

ಆಗ ನಾನು ಅತ್ತೆಯ ಕೈ ನೋಡಿದೆ. ಸೆರಗಿನಿಂದ ಹೊರಬಂದಿತ್ತು. ಗುಟ್ಟು ಬಯಲಾಗಿತ್ತು, ಬೈಗುಳ ಬಿದ್ದಿರಲಿಲ್ಲ, ಹೆದರಿಕೆ ಮುಗಿದಿತ್ತು. ಕೈ ಮಾತ್ರ ನಡುಗುತ್ತಲೇ ಇತ್ತು. ಕಣ್ಣು ಸಾಲುವುದಿಲ್ಲ ಎಂದು ಅತ್ತೆ ಮಗ್ಗ ಬಿಟ್ಟದ್ದು ನೆನಪಾಯಿತು. ಚಹಾ ನೆನಪಾಯಿತು. ರೊಟ್ಟಿಗೆ ಗೋಡೆ ಅದುರುತ್ತದೆ ಎಂದಾಗ ನಾನೂ ಓಣಿಯವರ ಜೊತೆ ನಕ್ಕಿದ್ದೆ. ಗೋಡೆ ಅದುರಿರಲಿಲ್ಲ. ಬಾಗಿಲಲ್ಲಿ ಬರೆಸಿದ ರಂಗೋಲಿಯ ಕಡೆ ನೋಡಿದೆ, ನನಗೆ ಅಳು ಬಂತು.

"ಹರಾಜಿಗೆ ಏನಂತ ಬರೀಲಿ?" ಎಂದ ಪರೀಕ್ಷಕ.

"ಮಾರೂದಿಲ್ಲಂತ ಬರೀರಿ," ಎಂದು ಮಾವ ಒಳಗೆ ಹೋದರು. ರದ್ದಿ ಸಾಹುಕಾರ ಎಂಬ ಹೆಸರು ಇನ್ನು ಅವರ ಜೀವಮಾನಕ್ಕೂ ಗಟ್ಟಿಯಾಯಿತು. ಸ್ವಲ್ಪ ಹೊತ್ತಿಗೆ ಚಹಾದ ಲೋಟಗಳ ಜೊತೆ ಹೊರಗೆ ಬಂದು, ಬೆಂಕಿಬಾಬು ಇದ್ದ ಅದೇ ಮೇಜಿನ ಮೇಲೆ ಇಟ್ಟರು. ಅತ್ತೆಯ ಲೋಟವನ್ನು ಅರ್ಧವೇ ತುಂಬಿಸಿದ್ದರು. ಅವರ ಕೈಗೆ ಕೊಟ್ಟು, ಕೈಯ ಮೇಲೆ ತಮ್ಮ ಕೈ ಇಟ್ಟು ಹಿಡಿದರು. ಆದರೂ ತುಳುಕಿತು. ಒಂದು ಹನಿ ಟಪ್ಪೆಂದು ಬೆಂಕಿಬಾಬುವಿನ ರಟ್ಟಿನ ಮೇಲೆಯೇ ಬಿತ್ತು! ಪರೀಕ್ಷಕ ಕುರ್ಚಿಯಿಂದ ಎದ್ದುಬಿಟ್ಟ. ನಾನು ಚೀರಿದೆ. ಅತ್ತೆ ಮಾವನ ಮುಖವನ್ನೇ ನೋಡುತ್ತಿದ್ದರು.

ಮಾವ ಆ ಹನಿ ಕಾಗದಕ್ಕೆ ಇಳಿಯುವುದನ್ನು ನೋಡಿದರು. ಒರೆಸಲಿಲ್ಲ. ಹಿಡಿದ ಕೈಯನ್ನೂ ಬಿಡಲಿಲ್ಲ.

"ಕುಡಿ, ಚಾ ಆರ್ತೈತಿ," ಎಂದರು. "ಕುಡದು, ಆ ಬೆಂಕಿಬಾಬು ಕಡೀಕ ಏನಾದ, ಹೇಳು."